ಜಾಮ್ ಆದ ನಟ್ಟು, ಉಳಿಯಬೇಕಾದ ಟ್ಯಾಂಕು

ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕಿನ ತಳದಲ್ಲಿ, ಇಂಧನದ ಪೈಪನ್ನು ಟ್ಯಾಂಕಿಗೆ ಸೇರಿಸುವ ಒಂದು ನಟ್ಟು ಇರುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಆ ನಟ್ಟನ್ನು ಒಂದು ದಿನ ಬಿಚ್ಚಲೇಬೇಕಾಗಿ ಬರುತ್ತದೆ. ಪೈಪು ತುಕ್ಕು ಹಿಡಿದು ಜಿನುಗತೊಡಗಿರುತ್ತದೆ, ಇಲ್ಲವೇ ಟ್ಯಾಂಕಿನ ತಳದ ಕೊಳೆ ಕಾರ್ಬ್ಯುರೇಟರಿನವರೆಗೂ ಹರಿದು ಬಂದು ಎಂಜಿನ್ ಮುಗ್ಗರಿಸತೊಡಗಿರುತ್ತದೆ. ಪಾನಾ ಹಾಕಿ ಎಳೆದರೆ ನಟ್ಟು ಅಲುಗುವುದಿಲ್ಲ. ಇದನ್ನು ಬಿಚ್ಚುವುದು ಹೇಗೆ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ. ಆದರೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು ಎಂಬುದು ಇಂಥ ಕೆಲಸಗಳನ್ನು ಮಾಡುತ್ತ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ: ಈ ಜೋಡಣೆಯಲ್ಲಿ ಯಾವ ಭಾಗವನ್ನು ಕಳೆದುಕೊಳ್ಳಲು ನಾವು ಸಿದ್ಧರಿದ್ದೇವೆ?

ಅಲ್ಲಿರುವುದು ಮೂರೇ ಭಾಗಗಳು. ಮೊದಲನೆಯದು ಪೈಪು. ಅದು ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ವ್ಯಾಸದ ಉಕ್ಕಿನ ಕೊಳವೆ. ಅದರ ತುದಿಯನ್ನು ಆಲಿಕೆಯಂತೆ ಅಗಲಿಸಿರುತ್ತಾರೆ. ಎರಡನೆಯದು, ಆ ಅಗಲಿಸಿದ ತುದಿಯನ್ನು ಹಿಂದಿನಿಂದ ಒತ್ತಿ ಹಿಡಿಯುವ ನಟ್ಟು. ಮೂರನೆಯದು ಟ್ಯಾಂಕಿಗೆ ಬೆಸೆದಿರುವ ಮೂತಿ. ಹಲವು ಹಳೆಯ ಕಾರುಗಳಲ್ಲಿ ಇದು ಹಿತ್ತಾಳೆಯದು. ಪೈಪು ಎಲ್ಲಿ ಬೇಕಾದರೂ ಸಿಗುತ್ತದೆ, ನಟ್ಟೂ ಸಿಗುತ್ತದೆ. ಮೂತಿ ಮಾತ್ರ ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಅಂಟಿಕೊಂಡು ನಿಂತಿದೆ. ಅದು ಕಿತ್ತುಬಂದರೆ ಅಥವಾ ಅದರ ಸುತ್ತಲಿನ ಬೆಸುಗೆ ಬಿರಿದರೆ ಹಾಳಾಗುವುದು ಇಡೀ ಟ್ಯಾಂಕು, ಮತ್ತು ಹಳೆಯ ಕಾರೊಂದಕ್ಕೆ ಸರಿಯಾದ ಟ್ಯಾಂಕನ್ನು ಹುಡುಕುವುದು ಸುಲಭದ ಮಾತಲ್ಲ. ಹೀಗಾಗಿ ತೀರ್ಮಾನ ತಾನಾಗಿಯೇ ಹೊರಬೀಳುತ್ತದೆ. ಮೂತಿ ಉಳಿಯಬೇಕು; ಪೈಪು ಹೋದರೆ ಹೋಗಲಿ, ನಟ್ಟು ಹೋದರೂ ಹೋಗಲಿ. ಈ ನಿರ್ಧಾರ ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಆಗಿದ್ದರೆ ಮುಂದಿನ ಪ್ರತಿಯೊಂದು ಹೆಜ್ಜೆಯೂ ಸ್ಪಷ್ಟವಾಗುತ್ತದೆ. ಆಗಿರದಿದ್ದರೆ, ಪೈಪನ್ನು ಉಳಿಸುವ ಹಟದಲ್ಲಿ ಟ್ಯಾಂಕಿನ ಮೇಲೆ ಬಲ ಬೀಳುತ್ತಾ ಹೋಗುತ್ತದೆ. ಹಾಕಿದ ಬಲವೆಲ್ಲ ನಟ್ಟಿನಲ್ಲಿಯೇ ಉಳಿಯುವುದಿಲ್ಲ; ಜೋಡಣೆಯಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅಲ್ಲಿಗೆ ಹೋಗಿ ಸೇರುತ್ತದೆ.

ಆ ನಟ್ಟು ಅಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುವುದಕ್ಕೆ ಕಾರಣಗಳಿವೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಬಹಳ ಕಾಲ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಪಂಪಿನ ಹಂಗಿಲ್ಲದೆ ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯುತ್ತಿದ್ದುದರಿಂದ, ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದಾಗ ಕಡಿದಾದ ಏರನ್ನು ರಿವರ್ಸ್ ಗೇರಿನಲ್ಲಿ ಹತ್ತಬೇಕಾಗುತ್ತಿತ್ತು. ಮುಂದೆ ಪಂಪು ಬಂದು ಟ್ಯಾಂಕು ಕಾರಿನ ಹಿಂಭಾಗಕ್ಕೆ, ನೆಲಕ್ಕೆ ಹತ್ತಿರವಾಗಿ ಸರಿದ ಮೇಲೆ ಏರಿನ ತೊಂದರೆ ತಪ್ಪಿತು. ಆದರೆ ಟ್ಯಾಂಕಿನ ತಳ ಮತ್ತು ಅಲ್ಲಿನ ಜೋಡಣೆಗಳು ಚಕ್ರ ಎರಚುವ ನೀರಿಗೂ ಕೆಸರಿಗೂ ನೇರವಾಗಿ ಒಡ್ಡಿಕೊಂಡವು. ಉಕ್ಕಿನ ನಟ್ಟು ಹಿತ್ತಾಳೆಯ ಮೂತಿಯ ಮೇಲೆ ಕುಳಿತಿದ್ದು, ನಡುವೆ ಲವಣ ಬೆರೆತ ತೇವ ಸೇರಿಕೊಂಡರೆ, ಆ ಎರಡು ಲೋಹಗಳು ಸಣ್ಣದೊಂದು ಬ್ಯಾಟರಿಯಂತೆ ವರ್ತಿಸುತ್ತವೆ ಮತ್ತು ಸವೆಯುವ ಪಾಲು ಉಕ್ಕಿಗೆ ಬರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಥ್ರೆಡ್ಡುಗಳ ನಡುವೆ ಅಷ್ಟು ಜಾಗ ಎಲ್ಲಿದೆ? ಅದು ತನ್ನನ್ನೇ ಬೆಣೆಯಾಗಿ ಹೊಡೆದುಕೊಂಡು ನಟ್ಟನ್ನು ಒಳಗಿನಿಂದ ಬಿಗಿಯುತ್ತದೆ.

ಒಳಗಿನಿಂದಲೂ ನೀರು ಕೆಲಸ ಮಾಡುತ್ತಿರುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತಳವೆಂದರೆ ಮೂತಿ ಇರುವ ಜಾಗವೇ. ತಿಂಗಳುಗಟ್ಟಲೆ ನಿಂತೇ ಇರುವ ಕಾರುಗಳಲ್ಲಿ ಇದು ಹೆಚ್ಚು.

ಈಗ ಕೆಲಸಕ್ಕೆ ಬರೋಣ. ಅದಕ್ಕೆ ಮೊದಲು ಬೆಂಕಿಯ ವಿಷಯವನ್ನು ಅವಸರವಿಲ್ಲದೆ ಹೇಳಬೇಕು, ಏಕೆಂದರೆ ಇಲ್ಲಿ ನಟ್ಟಿಗಿಂತ ದೊಡ್ಡ ಅಪಾಯ ಆವಿಯದು. ಪೆಟ್ರೋಲು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಗಾಳಿಯಲ್ಲಿ ಆ ಆವಿಯ ಪ್ರಮಾಣ ಸುಮಾರು ಶೇಕಡಾ 1.4ರಿಂದ 7.6ರವರೆಗೆ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಆವಿ ಈ ಮಿತಿಗಿಂತ ಬಹಳ ದಟ್ಟವಾಗಿರುತ್ತದೆ; ಖಾಲಿ ಮಾಡಿದ ಟ್ಯಾಂಕೇ ಆ ಅಪಾಯದ ಮಿತಿಯೊಳಗೆ ಬಂದು ನಿಲ್ಲುವುದು. 40 ಲೀಟರಿನ ಖಾಲಿ ಟ್ಯಾಂಕನ್ನು ಸ್ಫೋಟಕ ಮಾಡಲು ಒಂದು ಟೀ ಚಮಚಕ್ಕಿಂತಲೂ ಕಡಿಮೆ ಪೆಟ್ರೋಲು ಆವಿಯಾದರೆ ಸಾಕಾಗುತ್ತದೆ, ಮತ್ತು ಅಷ್ಟು ಪೆಟ್ರೋಲು ಟ್ಯಾಂಕಿನ ಮಡಿಕೆಗಳಲ್ಲಿ ಉಳಿದೇ ಇರುತ್ತದೆ. 'ಖಾಲಿ ಟ್ಯಾಂಕು ತಾನೇ' ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆತಂಕವಾಗುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಮೇಲೇರಿ ಚದುರುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ತಂಗುತ್ತದೆ. ಆದ್ದರಿಂದ ಕಾರಿನ ಕೆಳಗೆ ಇಳಿದು ಕೆಲಸ ಮಾಡಲೆಂದು ತೋಡಿದ ಗುಂಡಿ ಈ ಕೆಲಸಕ್ಕೆ ಕೂಡದು. ಬಯಲು, ಸಮತಟ್ಟಾದ ಗಟ್ಟಿ ನೆಲ, ಜ್ಯಾಕಿನ ಜೊತೆಗೆ ಭದ್ರವಾದ ಸ್ಟ್ಯಾಂಡುಗಳು, ಚಕ್ರಗಳಿಗೆ ಅಡ್ಡಗಟ್ಟೆ, ಕೈಗೆಟುಕುವ ದೂರದಲ್ಲಿ ಬೆಂಕಿ ನಂದಿಸುವ ಪುಡಿಯ ಸಿಲಿಂಡರು, ಇವಿಷ್ಟೂ ಇರಬೇಕು. ನಾವು ಪೆಟ್ರೋಲಿಗೆ ಕೈ ಹಾಕುವುದಕ್ಕೆ ಮೊದಲೇ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಬೇಕು. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು. ಕೆಳಗೆ ಬಿದ್ದು ಒಡೆದರೆ ಕಾದ ತಂತಿಯನ್ನು ತೆರೆದಿಡುವ ಹಳೆಯ ಬಲ್ಬು ಬೇಡ.

ಟ್ಯಾಂಕನ್ನು ಬರಿದು ಮಾಡುವಾಗ ಕೈಪಂಪು ಬಳಸಬೇಕು. ಬಾಯಿಯಿಂದ ಎಳೆಯುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಒಂದು ಗುಟುಕು ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ಅದು ಪ್ರಾಣಕ್ಕೇ ಕುತ್ತು ತರುವ ಉರಿಯೂತವಾಗುತ್ತದೆ. ಪೆಟ್ರೋಲನ್ನು ತೆರೆದ ಪ್ಲಾಸ್ಟಿಕ್ ಬಕೆಟ್ಟಿಗೆ ಹರಿಸದೆ, ನೆಲದ ಮೇಲಿಟ್ಟ ಲೋಹದ ಡಬ್ಬಿಗೆ ಹರಿಸಿ ಮುಚ್ಚಳ ಹಾಕಿ ದೂರ ಇಡಬೇಕು.

ನಟ್ಟನ್ನು ಮೊದಲ ಬಾರಿ ಹತ್ತಿರದಿಂದ ನೋಡುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ನನ್ನ ಕಾರಿನ ಟ್ಯಾಂಕಿನ ಕೆಳಗೆ ಮಲಗಿ ಟಾರ್ಚ್ ಹಿಡಿದಾಗ ಕಂಡದ್ದು ಆರು ಮೂಲೆಗಳ ನಟ್ಟಲ್ಲ, ಒಣಗಿದ ಕೆಸರು ಮತ್ತು ಹಳೆಯ ಕಪ್ಪು ಲೇಪದ ಒಂದು ಉಂಡೆ. ಮರದ ಚೂರಿನಿಂದ ಅದನ್ನು ಕೆರೆದು, ಹಿತ್ತಾಳೆಯ ತಂತಿ ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ನಿಧಾನವಾಗಿ ಉಜ್ಜುತ್ತ ಹೋದಂತೆ ಮೂಲೆಗಳು ಒಂದೊಂದಾಗಿ ಮೂಡಿದವು. ನಟ್ಟು ಎಲ್ಲಿ ಮುಗಿದು ಮೂತಿ ಎಲ್ಲಿ ಶುರುವಾಗುತ್ತದೆ ಎಂಬ ಕೂದಲೆಳೆಯ ಗೆರೆ ಕಂಡಿತು. ಆ ಗೆರೆಯ ಮೇಲೆ ಮೂತಿಗೂ ಎರಡು ಸಮತಟ್ಟು ಮುಖಗಳಿದ್ದವು. ಕಾರನ್ನು ರೂಪಿಸಿದವರು ಎರಡನೆಯ ಪಾನಾಕ್ಕೆಂದೇ ಬಿಟ್ಟ ಜಾಗ ಅದು. ನಟ್ಟನ್ನು ಒಂದು ಪಾನಾ ತಿರುಗಿಸುವಾಗ ಮೂತಿಯನ್ನು ಇನ್ನೊಂದು ಪಾನಾ ಅಲುಗದಂತೆ ಹಿಡಿದಿರಬೇಕು. ಎರಡೂ ಹಿಡಿಗಳನ್ನು ಒಂದೇ ಅಂಗೈಯಲ್ಲಿ ಹಿಸುಕುವಷ್ಟು ಹತ್ತಿರದ ಕೋನದಲ್ಲಿ ಇಟ್ಟುಕೊಂಡರೆ ಬಲವೆಲ್ಲ ಆ ಎರಡರ ನಡುವೆಯೇ ತೀರಿಹೋಗುತ್ತದೆ, ತಗಡಿಗೆ ತಲುಪುವುದಿಲ್ಲ. ಈ ಕೆಲಸದಲ್ಲಿ ಒಂದೇ ಒಂದು ನಿಯಮವನ್ನು ಪಾಲಿಸಲು ಸಾಧ್ಯವೆಂದಾದರೆ ನಾನು ಆರಿಸಿಕೊಳ್ಳುವುದು ಇದನ್ನೇ. ಉಜ್ಜುವಾಗ ಒಣದಾಗಿ ಉಜ್ಜಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಬಹಳಷ್ಟು ಹಳೆಯ ಟ್ಯಾಂಕುಗಳ ಉಕ್ಕಿನ ತಗಡಿಗೆ ಹೆಚ್ಚು ಸೀಸ ಮತ್ತು ಕಡಿಮೆ ತವರ ಸೇರಿದ ಲೇಪವಿರುತ್ತದೆ. ಆ ಧೂಳು ಉಸಿರಿನಲ್ಲಿ ಸೇರಬಾರದು.

ಶುಚಿಯಾದ ಮೇಲೆ ಎಣ್ಣೆ. ತುಕ್ಕು ಬಿಡಿಸುವ ತೆಳು ಎಣ್ಣೆಗಳು ಸಂದಿಗಳೊಳಗೆ ತಾವಾಗಿಯೇ ಏರಿ ಹೋಗುತ್ತವೆ, ಆದರೆ ಅದಕ್ಕೆ ಹೊತ್ತು ಬೇಕು. ಎಲ್ಲರ ಕೈಯಲ್ಲೂ ಇರುವ ಡಬ್ಲ್ಯುಡಿ-40 ಅನ್ನು 1953ರಲ್ಲಿ ರೂಪಿಸಿದ್ದು ಲೋಹದ ಮೇಲಿನ ನೀರನ್ನು ಹೊರದೂಡಲೆಂದು. ಅದರಿಂದಲೂ ಕೆಲಸವಾಗುತ್ತದೆ, ಆದರೆ ಜಾಮ್ ಆದ ಥ್ರೆಡ್ಡಿಗೆಂದೇ ಮಾಡಿದ ಎಣ್ಣೆ ಸಿಕ್ಕರೆ ನಾನು ಅದನ್ನೇ ಬಳಸುತ್ತೇನೆ. ಗೇರ್ ಎಣ್ಣೆಗೆ ಅಸಿಟೋನ್ ಬೆರೆಸಿ ಬಳಸುವವರೂ ಇದ್ದಾರೆ. ಅಸಿಟೋನಿನ ಆವಿಯೂ ಪೆಟ್ರೋಲಿನಷ್ಟೇ ಚುರುಕಾಗಿ ಹೊತ್ತಿಕೊಳ್ಳುವುದರಿಂದ ಟ್ಯಾಂಕಿನ ಕೆಳಗೆ ಅದು ನನಗೆ ಒಪ್ಪಿಗೆಯಿಲ್ಲ. ಸಂಜೆ ಹಾಕಿದ ಎಣ್ಣೆಯನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ಹಾಕಿ, ನಡುನಡುವೆ ನಟ್ಟಿನ ಮುಖಗಳ ಮೇಲೆ ಹಿತ್ತಾಳೆಯ ಚಿಕ್ಕ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಿದ್ದರೆ ಆ ನಡುಕಕ್ಕೆ ಪೆಡಸಾದ ತುಕ್ಕು ಬಿರಿದು ಎಣ್ಣೆಗೆ ದಾರಿ ಮಾಡುತ್ತದೆ. ಹಿತ್ತಾಳೆಯ ಸುತ್ತಿಗೆ ಏಕೆಂದರೆ ಅದು ಕಿಡಿ ಹಾರಿಸುವುದಿಲ್ಲ.

ಜಾಮ್ ಆದ ನಟ್ಟನ್ನು ಕಾಯಿಸುವುದು ಗ್ಯಾರೇಜುಗಳ ರೂಢಿ. ಇಂಧನ ಟ್ಯಾಂಕಿನ ಬಳಿ ಜ್ವಾಲೆಯನ್ನಂತೂ ತರುವಂತಿಲ್ಲ. ಅದಿರಲಿ, ಇಂಥ ಜೋಡಣೆಗೆ ಬಿಸಿ ಅನೇಕ ಸಲ ತಪ್ಪು ಮದ್ದೇ ಆಗಿರುತ್ತದೆ. ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಒಳಗೆ ಹಿತ್ತಾಳೆಯ ಮೂತಿ, ಹೊರಗೆ ಉಕ್ಕಿನ ನಟ್ಟು ಇರುವಲ್ಲಿ ಎರಡೂ ಒಟ್ಟಿಗೆ ಬಿಸಿಯಾದರೆ ಒಳಗಿನದು ಹೆಚ್ಚು ಹಿಗ್ಗಿ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಇದಲ್ಲದೆ ಮೂತಿಯನ್ನು ಟ್ಯಾಂಕಿಗೆ ಹಿಡಿದಿರುವುದು ಸೀಸ ಮತ್ತು ತವರದ ಬೆಸುಗೆಯಾಗಿದ್ದರೆ ಅದು 183 ಡಿಗ್ರಿಯಿಂದಲೇ ಕರಗತೊಡಗುತ್ತದೆ. ತದ್ವಿರುದ್ಧವಾಗಿ, ತಣ್ಣಗಾಗಿಸಿದರೆ ಒಳಗಿನ ಹಿತ್ತಾಳೆಯೇ ಹೆಚ್ಚು ಕುಗ್ಗುತ್ತದೆ. 14 ಮಿಲಿಮೀಟರ್ ವ್ಯಾಸದ ಥ್ರೆಡ್ಡನ್ನು 50 ಡಿಗ್ರಿಯಷ್ಟು ತಣಿಸಿದರೆ ಇವೆರಡರ ನಡುವೆ ಹುಟ್ಟುವ ವ್ಯತ್ಯಾಸ ಸುಮಾರು 5 ಮೈಕ್ರಾನ್ ಮಾತ್ರ, ಅಂದರೆ ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಐದು. ಕೇಳಲು ಏನೂ ಅಲ್ಲ. ಆದರೆ ಪೆಡಸಾದ ತುಕ್ಕಿನ ಪದರ ಬಿರಿಯಲು ಅಷ್ಟು ಸರಿದಾಟವೂ ನೆರವಾಗುತ್ತದೆ. ಲೋಹ ತಣಿಸುವ ಸ್ಪ್ರೇಗಳು ಇದಕ್ಕಾಗಿಯೇ ಇವೆ. ಅವುಗಳಲ್ಲಿ ಕೆಲವನ್ನು ಹೊತ್ತಿಕೊಳ್ಳುವ ಅನಿಲದಿಂದಲೇ ತಯಾರಿಸುತ್ತಾರಾದ್ದರಿಂದ ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದದೆ ಒಂದು ಹನಿಯನ್ನೂ ಸಿಂಪಡಿಸಬಾರದು.

ಪಾನಾದ ಆಯ್ಕೆಯೂ ಮುಖ್ಯ. ಸಾಮಾನ್ಯ ಓಪನ್ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ. ಮೆತ್ತಗಾದ ತುಕ್ಕುನಟ್ಟಿನ ಮೂಲೆಗಳನ್ನು ಅದು ಸವೆಸಿ ಉರುಟು ಮಾಡಿಬಿಡುತ್ತದೆ. ಪೈಪು ತೂರುವಷ್ಟು ಸೀಳು ಬಿಟ್ಟು ಉಳಿದ ಐದು ಮುಖಗಳನ್ನು ಅಪ್ಪಿ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಈ ಕೆಲಸಕ್ಕೆಂದೇ ಹುಟ್ಟಿದ್ದು. ಅದನ್ನು ಹಾಕಿ ಮೊದಲು ಬಿಗಿಯುವ ದಿಕ್ಕಿಗೆ ತುಸುವೇ ಒತ್ತಬೇಕು, ಆಮೇಲೆ ಬಿಚ್ಚುವ ದಿಕ್ಕಿಗೆ. ಬಿಡುವ ನಟ್ಟು ಒಂದು ಒಣ 'ಕಟ್' ಸದ್ದಿನೊಂದಿಗೆ ಬಿಡುತ್ತದೆ ಮತ್ತು ಗೆರೆಯಲ್ಲಿ ಕಂದು ಬಣ್ಣದ ಎಣ್ಣೆ ಜಿನುಗುತ್ತದೆ. ಆ ಸದ್ದು ಕೇಳಿದ ಕೂಡಲೇ ಒಂದೇ ಸಮನೆ ತಿರುಗಿಸುತ್ತ ಹೋಗಬಾರದು. ಕಾಲು ಸುತ್ತು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಒಳಕ್ಕೆ ತಿರುಗಿಸಿ, ಮತ್ತೆ ಬಿಚ್ಚಬೇಕು. ಸದ್ದಿಲ್ಲದೆ ರಬ್ಬರಿನಂತೆ ಬಾಗುವ ಅನುಭವವಾದರೆ ತಕ್ಷಣ ನಿಲ್ಲಿಸಬೇಕು, ಏಕೆಂದರೆ ಅಲ್ಲಿ ನಟ್ಟು ಬಿಚ್ಚುತ್ತಿಲ್ಲ, ಪೈಪೋ ತಗಡೋ ತಿರುಚುತ್ತಿದೆ.

ನನ್ನ ಕಾರಿನಲ್ಲಿ ಆದದ್ದು ಇದೇ. ನಟ್ಟು ಪೈಪನ್ನೂ ಕಚ್ಚಿಕೊಂಡಿತ್ತು. ಅದು ತಿರುಗಿದರೆ ಪೈಪೂ ಜೊತೆಗೆ ತಿರುಚುವ ಸ್ಥಿತಿ. ಸೀಳಿರುವ ಸ್ಪ್ಯಾನರಿಗೂ ಒಂದು ಮಿತಿಯಿದೆ, ಬಲ ಹೆಚ್ಚಾದಾಗ ಅದರ ಬಾಯಿ ಅಗಲವಾಗುತ್ತದೆ. ಮೊದಲೇ ಮಾಡಿಕೊಂಡ ತೀರ್ಮಾನ ಇಂಥಲ್ಲಿ ಕೈಹಿಡಿಯುತ್ತದೆ. ಪೈಪನ್ನು ಬಿಟ್ಟುಕೊಡಲು ಸಿದ್ಧರಿದ್ದರೆ ಹಿಡಿತ ಸಿಗುತ್ತದೆ. ಪೈಪು ಕತ್ತರಿಸುವ ಪುಟ್ಟ ಚಕ್ರದ ಕಟ್ಟರನ್ನು ನಟ್ಟಿನ ಹಿಂದೆಯೇ ಕೂರಿಸಿ, ಕೈಯಿಂದ ಸುತ್ತುತ್ತ ಸ್ವಲ್ಪ ಸ್ವಲ್ಪವೇ ಬಿಗಿದರೆ ಕಿಡಿಯಿಲ್ಲದೆ ಪೈಪು ತುಂಡಾಗುತ್ತದೆ. ಗ್ರೈಂಡರಿನ ಮಾತನ್ನೇ ಎತ್ತಬಾರದು. ಪೈಪು ಹೋದ ಮೇಲೆ ಆರು ಮೂಲೆಗಳ ಆಳವಾದ ಸಾಕೆಟ್ಟನ್ನು ನಟ್ಟಿನ ಮೇಲೆ ಪೂರ್ತಿಯಾಗಿ ಕೂರಿಸಬಹುದು. ಆರೂ ಮುಖಗಳು ಸಮನಾಗಿ ಬಲ ಪಡೆಯುತ್ತವೆ, ಮತ್ತು ತಿರುಚಲು ಅಲ್ಲಿ ಪೈಪೇ ಉಳಿದಿಲ್ಲ. ಹನ್ನೆರಡು ಮೂಲೆಗಳ ಸಾಕೆಟ್ಟು ಬೇಡ, ಅದು ಮೂಲೆಗಳ ಬಳಿಯಷ್ಟೇ ಒತ್ತುತ್ತದೆ. ಮೂತಿಯ ಸಮತಟ್ಟು ಮುಖಗಳಿಗೆ ಇನ್ನೊಂದು ಪಾನಾ ಹಾಕಿ ಹಿಡಿದು ಸಾಕೆಟ್ಟನ್ನು ಒತ್ತಿದಾಗ ನನ್ನ ನಟ್ಟು ದೊಡ್ಡ ಗದ್ದಲವಿಲ್ಲದೆ ಬಿಟ್ಟಿತು.

ಅದೂ ಬಿಡದಿದ್ದರೆ ಟ್ಯಾಂಕನ್ನೇ ಕೆಳಗಿಳಿಸುವುದು ಲೇಸು. ಪೈಪು ಹೇಗೂ ಕತ್ತರಿಸಿದೆ. ಉಳಿಯುವುದು ಪಟ್ಟಿಗಳ ಬೋಲ್ಟು, ತುಂಬುವ ಕೊಳವೆಯ ಕ್ಲಿಪ್ಪು, ಗೇಜಿನ ತಂತಿ. ಇಳಿಸಿದ ಟ್ಯಾಂಕನ್ನು ನೀರಿನಿಂದ ತೊಳೆದು, ಮೂತಿ ಮೇಲೆ ಬರುವಂತೆ ತಿರುಗಿಸಿ, ನೀರನ್ನು ತುಂಬಿಸಿಯೇ ಇಟ್ಟುಕೊಂಡು, ನಟ್ಟಿನ ಒಂದು ಮುಖವನ್ನು ಅರದಿಂದ ಥ್ರೆಡ್ಡಿನ ಹತ್ತಿರದವರೆಗೆ ಕೈಯಿಂದಲೇ ಉಜ್ಜಿ ತೆಳುವಾಗಿಸಿ, ಉಳಿದ ತೆಳು ಗೋಡೆಯನ್ನು ನಟ್ಟು ಸೀಳುವ ಉಪಕರಣದಿಂದ ಬಿರಿಸಬಹುದು. ಲಾಕ್ ಆಗುವ ಇಕ್ಕಳವನ್ನು ಬಳಸುವುದಾದರೂ ಇಲ್ಲಿಯೇ, ನಟ್ಟು ಮತ್ತೆ ಬೇಡವೆಂದು ಖಚಿತವಾದ ಮೇಲೆ. ಮೂತಿಯ ಬೆಸುಗೆಯೇ ಬಿರಿದಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆವಿಯನ್ನು ಸಂಪೂರ್ಣವಾಗಿ ಹೊರಹಾಕುವ ವ್ಯವಸ್ಥೆಯಿರುವ, ಟ್ಯಾಂಕು ದುರಸ್ತಿಯಲ್ಲಿ ಪಳಗಿದವರ ಕೈಗೆ ಅದನ್ನು ಒಪ್ಪಿಸಬೇಕು.

ಟ್ಯಾಂಕಿನೊಳಗೆ ವಿದ್ಯುತ್ ಪಂಪಿರುವ ಕಾರುಗಳಲ್ಲಿ ಹಟ ಹಿಡಿಯುವುದು ಬಹುಪಾಲು ಪಂಪಿನ ಮೇಲಿನ ಲಾಕ್ ರಿಂಗು, ಅಂದರೆ ಪಂಪನ್ನು ಟ್ಯಾಂಕಿಗೆ ಬಿಗಿದು ಹಿಡಿಯುವ ಬಳೆ. ಅಲ್ಲಿಯೂ ವಿಚಾರ ಇದೇ: ರಿಂಗು ಹೋದರೂ ಸರಿ, ಅದು ಕುಳಿತ ಟ್ಯಾಂಕಿನ ಅಂಚು ಉಳಿಯಬೇಕು. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಬೇಕು, ಸುತ್ತಲಿನ ಮಣ್ಣನ್ನು ಗುಡಿಸಿ ತೆಗೆಯಬೇಕು, ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿನೊಳಗೆ ಬೀಳುತ್ತದೆ.

ಮತ್ತೆ ಜೋಡಿಸುವಾಗ ಬಹಳ ಮಂದಿ ಥ್ರೆಡ್ಡಿಗೆ ಬಿಳಿಯ ಟೇಪು ಸುತ್ತುವುದನ್ನು ನೋಡಿದ್ದೇನೆ. ಇಂಥ ಜೋಡಣೆಯಲ್ಲಿ ಪೆಟ್ರೋಲನ್ನು ತಡೆಯುವುದು ಥ್ರೆಡ್ಡಲ್ಲ. ಪೈಪಿನ ಅಗಲಿಸಿದ ತುದಿ ಮೂತಿಯ ಇಳಿಜಾರು ಮುಖದ ಮೇಲೆ ಒತ್ತಿ ಕೂರುವ ಆ ಒಂದು ಉಂಗುರದಷ್ಟು ಜಾಗವೇ ಎಲ್ಲವನ್ನೂ ತಡೆಯುತ್ತದೆ. ಟೇಪಿನ ಎಳೆಗಳು ಕಿತ್ತುಕೊಂಡು ಇಂಧನದ ದಾರಿಯನ್ನು ಕಟ್ಟುವುದಷ್ಟೇ ಅದರಿಂದ ಆಗುವ ಕೆಲಸ. ಆದ್ದರಿಂದ ಗಮನವೆಲ್ಲ ಆ ಮುಖದ ಮೇಲಿರಬೇಕು. ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಅಡ್ಡಗೀರು ಇದ್ದಲ್ಲಿ ಹೊಳೆಯುತ್ತದೆ. ಹೊಸ ಪೈಪಿನ ತುದಿಯನ್ನು ಅಗಲಿಸುವುದಕ್ಕೆ ಮೊದಲು ನಟ್ಟನ್ನು ಪೈಪಿಗೆ ತೂರಿಸಿರಬೇಕು, ಮತ್ತು ಹಳೆಯ ತುದಿಯ ಕೋನವನ್ನೇ ಹೊಸದಕ್ಕೂ ಕೊಡಬೇಕು. ನಟ್ಟನ್ನು ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ಹತ್ತಿಸಬೇಕು. ಹೊರಥ್ರೆಡ್ಡಿಗೆ ಮಾತ್ರ, ಇಳಿಜಾರು ಮುಖಕ್ಕೆ ತಾಗದಂತೆ, ಕಚ್ಚುವುದನ್ನು ತಡೆಯುವ ಗ್ರೀಸನ್ನು ತೆಳುವಾಗಿ ಸವರಬಹುದು; ಅದು ಘರ್ಷಣೆಯನ್ನು ಇಳಿಸುವುದರಿಂದ ಎಂದಿನ ಬಲಕ್ಕಿಂತ ಕಡಿಮೆ ಬಲದಲ್ಲಿ ಬಿಗಿಯಬೇಕು. ಬಿಗಿಯುವಾಗಲೂ ಎರಡು ಪಾನಾ. ಅಕ್ಕಪಕ್ಕದ ರಬ್ಬರ್ ಹೋಸುಗಳು ಹಳೆಯವಾಗಿದ್ದರೆ ಈ ಕೆಲಸದ ಜೊತೆಗೇ ಎಥನಾಲನ್ನು ತಾಳಿಕೊಳ್ಳುವಂಥವನ್ನು ಹಾಕಿಸಿಕೊಳ್ಳುವುದು ಒಳಿತು.

ಪರೀಕ್ಷೆಗೆ ಕೆಲವೇ ಲೀಟರ್ ಪೆಟ್ರೋಲು ಸಾಕು. ಟ್ಯಾಂಕಿನೊಳಕ್ಕೆ ಗಾಳಿಯ ಒತ್ತಡ ಕೊಟ್ಟು ನೋಡುವವರಿದ್ದಾರೆ, ಆದರೆ ತೆಳು ತಗಡು ಅಲ್ಪ ಒತ್ತಡಕ್ಕೂ ಉಬ್ಬಿಬಿಡುತ್ತದೆ. ನಟ್ಟನ್ನು ಒಣಗಿಸಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಸವರಿ, ಕೆಳಗೆ ಬಿಳಿ ಕಾಗದ ಹಾಸಿ ಒಂದು ರಾತ್ರಿ ಬಿಡಬೇಕು. ಜಿನುಗು ಎಷ್ಟೇ ಸಣ್ಣದಿದ್ದರೂ ಸುಣ್ಣದ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ, ಕಾಗದದ ಮೇಲೆ ಬಿದ್ದ ಹನಿಯಾದರೋ ಆವಿಯಾಗಿ ಹೋಗಿ ಅಂಚಿನ ಕಲೆಯನ್ನಷ್ಟೇ ಬಿಟ್ಟಿರಬಹುದು. ನಿಂತ ಕಾರಿನಲ್ಲಿ ಒಣಗಿರುವ ಜೋಡಣೆ ಓಡಾಟದ ಅಲುಗಾಟಕ್ಕೆ ಜಿನುಗುವುದುಂಟು. ಹಾಗಾಗಿ ಮೊದಲ ಕೆಲವು ಓಡಾಟಗಳ ನಂತರವೂ ಕೆಳಗೆ ಬಗ್ಗಿ ನೋಡುವುದು ಅಗತ್ಯ. ತುಕ್ಕು ತಡೆಯುವ ಮೇಣದ ಲೇಪವನ್ನು ನಟ್ಟಿನ ಮೇಲೆ ಹಚ್ಚುವುದು ಇಷ್ಟೆಲ್ಲ ಆದ ಮೇಲೆ. ಮೊದಲೇ ಹಚ್ಚಿದರೆ ಸಣ್ಣ ಸೋರಿಕೆ ಅದರಡಿ ಅಡಗಿ ಕೂರುತ್ತದೆ. ಲೇಪ ನಟ್ಟಿಗೂ ಮೂತಿಗೂ ನಡುವಿನ ಗೆರೆಯನ್ನು ಪೂರ್ತಿಯಾಗಿ ಮುಚ್ಚಬೇಕು, ಏಕೆಂದರೆ ನೀರು ಒಳನುಗ್ಗುವುದು ಅಲ್ಲಿಂದಲೇ.